ಓದಿಗೂ ಒಂದು ತರ್ತೀಬ್ ಬೇಕು

ಜುಮಾ ಪ್ರವಚನದ ಸಾರಾಂಶ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಶಾಂತಿ, ಅನುಗ್ರಹಗಳಿರಲಿ.

ಗೌರವಾನ್ವಿತ ಹಿರಿಯರೇ, ಸಹೋದರರೇ, ಕಾಲೇಜಿನಿಂದ ನೇರವಾಗಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬಂದು ಹಿಂದಿನ ಸಫ್‌ಗಳಲ್ಲಿ ಕುಳಿತಿರುವ ಯುವಕರೇ,

ಇಂದಿನ ಮಾತು ಮುಖ್ಯವಾಗಿ ನಿಮ್ಮೊಂದಿಗೆ. ನಿಮ್ಮ ಮೂಲಕ ನಿಮ್ಮ ತಂದೆ ತಾಯಿಯರೊಂದಿಗೆ, ಮನೆಯಲ್ಲಿ ಓದುತ್ತಿರುವ ನಿಮ್ಮ ಅಕ್ಕ ತಂಗಿಯರೊಂದಿಗೆ.

ಕೆಲವು ತಿಂಗಳ ಹಿಂದೆ ಜುಮಾ ಮುಗಿದ ಮೇಲೆ ನಮ್ಮ ಮೊಹಲ್ಲಾದ ಒಬ್ಬ ಹಿರಿಯರು ಬಂದು ಕೈ ಹಿಡಿದುಕೊಂಡರು. ಕಾಮಾಕ್ಷಿಪಾಳ್ಯದ ಕಡೆ ವೆಲ್ಡಿಂಗ್ ಕೆಲಸ ಮಾಡುವವರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರ ತುಂಬ ಕಾಗದಗಳು. "ಹಜ್ರತ್, ನನಗೆ ಓದು ಬರಲ್ಲ. ಇದರಲ್ಲಿ ಯಾವುದು ಬೇಕೋ ನೀವೇ ತೆಗೀರಿ. ಮಗನ ಸ್ಕಾಲರ್‌ಶಿಪ್ ಬಂದಿಲ್ಲ, ಕಾಲೇಜಲ್ಲಿ ಫೀಸು ಕೇಳ್ತಿದ್ದಾರೆ" ಎಂದರು. ನಾವು ಕಾಗದಗಳನ್ನು ಜಮಖಾನದ ಮೇಲೆ ಹರಡಿದೆವು. ನಾಲ್ಕು ಮಡಿಕೆಯಾಗಿ ಮಡಚಿದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮಳೆನೀರು ಬಿದ್ದು ಮಸಿ ಹರಡಿದ ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್ಲು, ಹಳೇ ರೇಷನ್ ಕಾರ್ಡಿನ ನಕಲು. ಅಂಕಪಟ್ಟಿಯಲ್ಲಿ ಹುಡುಗನ ಹೆಸರಿನ ಮುಂದೆ 'ಮೊಹಮ್ಮದ್' ಎಂದಿದೆ. ಆಧಾರ್‌ನಲ್ಲಿ ಬರೀ 'ಎಂ.ಡಿ.' ಎಂಬ ಎರಡಕ್ಷರ. ಬ್ಯಾಂಕಿನ ಪುಸ್ತಕದಲ್ಲಿ ಅದೂ ಇಲ್ಲ. ಅರ್ಜಿ ಹೆಸರಿನ ಕಾರಣಕ್ಕೆ ನಿಂತುಹೋಗಿತ್ತು. ಸರಿಪಡಿಸಲು ಕೊಟ್ಟಿದ್ದ ದಿನ ದಾಟಿ ಎರಡು ದಿನವಾಗಿತ್ತು.

ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆವು. ಆಗಲಿಲ್ಲ. ಅವರು "ದುಆ ಮಾಡಿ ಹಜ್ರತ್" ಎಂದು ಹೇಳಿ ಕವರ್ ಎತ್ತಿಕೊಂಡು ಹೊರಟರು. ದುಆ ಮಾಡಿದೆವು. ಆದರೆ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹುಡುಗ ದಡ್ಡನಲ್ಲ. ಬಿ.ಕಾಂ. ಎರಡನೇ ವರ್ಷದವರೆಗೆ ಒಂದು ಪೇಪರೂ ಬಿಡದೆ ಪಾಸಾದವನು. ಅವನನ್ನು ಬೀಳಿಸಿದ್ದು ಒಂದು ಹೆಸರು, ಒಂದು ತಾರೀಖು. ಇಷ್ಟು ವರ್ಷ ಈ ಮಿಂಬರ್ ಬಳಿ ನಿಂತು ವುಝೂವಿನ ತರ್ತೀಬ್ ಹೇಳಿದ್ದೇವೆ. ಮೊದಲು ಏನು, ನಂತರ ಏನು, ಯಾವುದು ಬಿಟ್ಟರೆ ಏನಾಗುತ್ತದೆ ಎಂದೆಲ್ಲ ವಿವರಿಸಿದ್ದೇವೆ. ಮಕ್ಕಳ ಓದಿನ ತರ್ತೀಬ್ ಬಗ್ಗೆ ಒಂದು ದಿನವೂ ಹೇಳಿರಲಿಲ್ಲ. ಆ ಲೋಪ ನಮ್ಮದು. ಅದಕ್ಕೇ ಇಂದು ಈ ವಿಷಯ.

ಬರೆದಿಡುವುದು ದೀನಿನ ಭಾಗ

ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ ಹಲವರು ನಮಾಝ್ ಎನ್ನುತ್ತಾರೆ, ಕೆಲವರು ಸ್ವರ್ಗ ಎನ್ನುತ್ತಾರೆ. ಅದು ಸೂರಃ ಅಲ್‌ಬಕರದ 282ನೇ ಆಯತ್. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದಿಡಬೇಕು, ಮೊತ್ತ ಚಿಕ್ಕದಾದರೂ ದೊಡ್ಡದಾದರೂ ಅವಧಿಸಹಿತ ಬರೆಯಲು ಬೇಸರಿಸಬಾರದು, ಸಾಕ್ಷಿಗಳಿರಬೇಕು ಎಂಬ ಆದೇಶ ಅದರಲ್ಲಿದೆ. ಕಾಗದಪತ್ರದ ಶಿಸ್ತಿಗೆ ಅಲ್ಲಾಹನು ತನ್ನ ಗ್ರಂಥದಲ್ಲಿ ಅಷ್ಟು ಜಾಗ ಕೊಟ್ಟಿದ್ದಾನೆ. ಹೀಗಿರುವಾಗ ಮುಸ್ಲಿಮರ ಮನೆಯ ಕಾಗದಗಳು ಪ್ಲಾಸ್ಟಿಕ್ ಕವರಿನಲ್ಲಿ ಮುದುಡಿ ಬಿದ್ದಿರುವುದು ತರವೇ?

ಆದ್ದರಿಂದ ಮೊದಲ ಕೆಲಸ, ಪ್ರತಿ ವಿದ್ಯಾರ್ಥಿಗೂ ಒಂದು ಫೈಲು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪ್ರತಿ ಸೆಮಿಸ್ಟರಿನ ಫೀಸು ರಸೀದಿ, ಹಾಲ್ ಟಿಕೆಟ್ ಎಲ್ಲ ಅದರಲ್ಲಿರಲಿ. ಅಂಕಪಟ್ಟಿಯನ್ನು ಮಡಚಬೇಡಿ. ಮೂಲಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಪಾರದರ್ಶಕ ಹಾಳೆಯೊಳಗೆ ಇಡಿ. ಎಲ್ಲದರ ಫೋಟೋ ಫೋನಿನಲ್ಲೂ ಇರಲಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಡಿಜಿಲಾಕರ್ ಖಾತೆ ತೆರೆದಿಡಿ. ಫೈಲಿನ ಮೊದಲ ಹಾಳೆಯಲ್ಲಿ ನೋಂದಣಿ ಸಂಖ್ಯೆಗಳು, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿಯ ವಿದ್ಯಾರ್ಥಿ ಸಂಖ್ಯೆ ಇವನ್ನು ಕೈಯಿಂದ ಬರೆದಿಡಿ. ಪಾಸ್‌ವರ್ಡ್ ಸೈಬರ್ ಸೆಂಟರಿನವನಿಗೆ ಮಾತ್ರ ಗೊತ್ತು, ನಿಮಗೆ ಗೊತ್ತಿಲ್ಲ ಎಂಬ ಸ್ಥಿತಿ ಬೇಡ.

ಎರಡನೆಯದು ಹೆಸರು. ಇದು ನಮ್ಮ ಸಮುದಾಯದ ವಿಶೇಷ ಕಷ್ಟ. ಒಂದೇ ಮಗು ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಮುಹಮ್ಮದ್, ಮತ್ತೊಂದು ಕಡೆ ಮೊಹಮ್ಮದ್‌ನ ಇಂಗ್ಲಿಷ್ ಸಂಕ್ಷಿಪ್ತ ರೂಪ. ಸೈಯದ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಕಾಗುಣಿತ. ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಬಾನು, ಆಧಾರ್‌ನಲ್ಲಿ ಬೇಗಂ, ತಂದೆಯ ಹೆಸರಿನ ಜಾಗದಲ್ಲಿ ಒಮ್ಮೆ ಇನಿಷಿಯಲ್, ಒಮ್ಮೆ ಪೂರ್ಣ ಹೆಸರು. ನಮಗೆ ಇವೆಲ್ಲ ಒಂದೇ. ಕಂಪ್ಯೂಟರಿಗೆ ಇವರು ನಾಲ್ಕು ಬೇರೆ ಬೇರೆ ಜನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಮೂಲವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ ಎಂಬುದು ನೆನಪಿರಲಿ. ಅವಸರದಲ್ಲಿ ತಪ್ಪು ಕಾಗುಣಿತಕ್ಕೆ ಅದನ್ನು ಕಳೆದುಕೊಳ್ಳಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ವಿದ್ಯಾರ್ಥಿವೇತನ ಮಂಜೂರಾದರೂ ಹಣ ಬರದಿರುವುದಕ್ಕೆ ಇದೂ ಒಂದು ಕಾರಣ. ಎಸ್ಸೆಸ್ಸೆಲ್ಸಿಗೆ ಇನ್ನೂ ಬರದ ಮಕ್ಕಳಿದ್ದರೆ ತಂದೆಯವರು ಈಗಲೇ ಶಾಲೆಗೆ ಹೋಗಿ ದಾಖಲಾತಿಯಲ್ಲಿ ಹೆಸರು ಹೇಗಿದೆ ಎಂದು ನೋಡಿ ಬನ್ನಿ. ಇಂದು ಅರ್ಧ ದಿನದ ಕೆಲಸ, ಐದು ವರ್ಷದ ಮೇಲೆ ಆರು ತಿಂಗಳ ಅಲೆದಾಟ.

ಮೂರನೆಯದು ತಾರೀಖು. ಜಾತಿ, ಆದಾಯ ಪ್ರಮಾಣಪತ್ರಗಳಿಗೂ ಅವಧಿ ಇದೆ. ಪ್ರವೇಶದ ಸಮಯದಲ್ಲಿ ನಾಡಕಚೇರಿಯ ಮುಂದೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ನೀವು ಒಂದು ತಿಂಗಳು ಮೊದಲೇ ಹೋಗಿ. ಸರಕಾರದ ಬಾಗಿಲುಗಳು ಯಾವಾಗಲೂ ತೆರೆದಿರುವುದಿಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದರ ಬಗ್ಗೆ ದುಃಖವಿದೆ. ಆದರೆ ತೆರೆದಿರುವ ಬಾಗಿಲಿಗೂ ನಾವು ತಡವಾಗಿ ಹೋದರೆ ಯಾರನ್ನು ದೂರುವುದು? ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ನಿರ್ದೇಶನಾಲಯದ ವಿದ್ಯಾರ್ಥಿವೇತನ, ಮೆಟ್ರಿಕ್ ನಂತರದ ಹಾಸ್ಟೆಲುಗಳು ಇವೆ. ಒಂಟೆಯನ್ನು ಕಟ್ಟಿಹಾಕಿ ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅರ್ಜಿ ಹಾಕುವುದು ಒಂಟೆ ಕಟ್ಟುವ ಕೆಲಸ. ಅದನ್ನು ಮಾಡದೆ ತವಕ್ಕುಲ್ ಎನ್ನಬಾರದು.

ಇದನ್ನು ಹೇಳುವ ನಾವೂ ಎಡವಿದವರೇ. ಮದ್ರಸಾ ಮುಗಿಸಿ, ಇಮಾಮತ್ ಮಾಡುತ್ತಲೇ ಬಿ.ಎ. ಕಟ್ಟಿದ್ದೆವು. ಕೊನೆಯ ವರ್ಷ ಪರೀಕ್ಷೆಯ ದಿನ ಹಾಲ್ ಟಿಕೆಟ್ ಸಿಗಲಿಲ್ಲ. ಕೋಣೆಯೆಲ್ಲ ಹುಡುಕಿದೆವು. ಎರಡು ತಿಂಗಳ ಮೇಲೆ ಅದು ಒಂದು ಕಿತಾಬಿನೊಳಗೆ ಸಿಕ್ಕಿತು. ಎಲ್ಲಿವರೆಗೆ ಓದಿದ್ದೇವೆ ಎಂಬ ಗುರುತಿಗೆ ನಾವೇ ಇಟ್ಟದ್ದು! ಆ ಒಂದು ಪೇಪರಿಗೆ ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಆದ್ದರಿಂದ ಈ ಮಾತನ್ನು ಉಪದೇಶವೆಂದು ಕೇಳಬೇಡಿ, ಪೆಟ್ಟು ತಿಂದವನ ಮಾತೆಂದು ಕೇಳಿ.

ದಿನದ ಚೌಕಟ್ಟು ನಮ್ಮ ಬಳಿ ಈಗಾಗಲೇ ಇದೆ

ಸಹೋದರರೇ, ಸಮಯಪಾಲನೆ ಕಲಿಸುವುದಾಗಿ ಹೇಳಿ ಸಾವಿರಾರು ರೂಪಾಯಿ ಪಡೆಯುವ ತರಬೇತಿಗಳಿವೆ. ನಮಗೆ ಅದನ್ನು ಅಲ್ಲಾಹನು ದಿನಕ್ಕೆ ಐದು ಸಲ ಉಚಿತವಾಗಿ ಕಲಿಸುತ್ತಿದ್ದಾನೆ. ಗೋಡೆಯ ಮೇಲೆ ನಮಾಝಿನ ವೇಳೆಯ ಫಲಕ ನೋಡಿ. ಒಂದು ನಿಮಿಷ ತಡವಾದರೆ ತಕ್ಬೀರ್ ತಪ್ಪುತ್ತದೆ, ನಾಲ್ಕು ನಿಮಿಷ ತಡವಾದರೆ ರಕಅತ್ ತಪ್ಪುತ್ತದೆ. ಇಲ್ಲಿ ನಿಮಿಷದ ಲೆಕ್ಕ ಇಡುವ ನಾವು ಹೊರಗೆ ಹೋಗಿ ಗಂಟೆಗಳನ್ನು ಚೆಲ್ಲುತ್ತೇವೆ. ಸೂರಃ ಅಲ್‌ಅಸ್ರ್‌ನಲ್ಲಿ ಅಲ್ಲಾಹನು ಕಾಲದ ಮೇಲೆ ಆಣೆ ಇಟ್ಟು ಮನುಷ್ಯನ ನಷ್ಟದ ಬಗ್ಗೆ ಎಚ್ಚರಿಸಿದ್ದಾನೆ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನ ಮೋಸಹೋಗುತ್ತಾರೆಂದು ಪ್ರವಾದಿ(ಸ)ರು ಹೇಳಿದ್ದಾರೆ. ಇಪ್ಪತ್ತರ ವಯಸ್ಸಿನವನಿಗೆ ಈ ಎರಡೂ ಒಟ್ಟಿಗೆ ಇರುತ್ತವೆ.

ದಿನವನ್ನು ಐದು ಭಾಗ ಮಾಡಿ. ಫಜ್ರ್ ನಂತರದ ಒಂದು ಗಂಟೆ ಅತ್ಯಂತ ಕಷ್ಟದ ವಿಷಯಕ್ಕೆ. ಗಣಿತವಿರಲಿ, ಅಕೌಂಟೆನ್ಸಿ ಇರಲಿ, ನಿಮಗೆ ಯಾವುದರ ಭಯವೋ ಅದು. ಮುಂಜಾನೆಯಲ್ಲಿ ಸಮುದಾಯಕ್ಕೆ ಬರ್ಕತ್ ಸಿಗಲೆಂದು ಪ್ರವಾದಿ(ಸ)ರು ದುಆ ಮಾಡಿದ್ದಾರೆ. ಆ ದುಆವನ್ನು ವರದಿ ಮಾಡಿದ ಸಖ್ರ್(ರ) ವ್ಯಾಪಾರಿಯಾಗಿದ್ದರು. ತಮ್ಮ ಸರಕನ್ನು ಬೆಳಿಗ್ಗೆಯೇ ಕಳಿಸುತ್ತಿದ್ದರು, ಸಂಪನ್ನರಾದರು. ಫಜ್ರ್ ನಮಾಝ್ ಮುಗಿಸಿ ಮತ್ತೆ ಹೊದ್ದು ಮಲಗಿ ಕಾಲೇಜಿಗೆ ಓಡುವವನು ಆ ಬರ್ಕತ್ತಿನ ಬಾಗಿಲಿಗೆ ಬಂದು ವಾಪಸು ಹೋದಂತೆ.

ಝುಹ್ರ್‌ವರೆಗೆ ಕಾಲೇಜು. ಅಸ್ರ್‌ನಿಂದ ಮಗ್‌ರಿಬ್‌ವರೆಗೆ ಆಟ, ಮನೆಯ ಕೆಲಸ, ಮೈಗೆ ಬೇಕಾದ ವಿಶ್ರಾಂತಿ. ಮಗ್‌ರಿಬ್‌ನಿಂದ ಇಶಾವರೆಗೆ ಬರೆಯುವ ಕೆಲಸ. ಅಸೈನ್‌ಮೆಂಟ್, ರೆಕಾರ್ಡ್, ಲೆಕ್ಕ. ಇಶಾ ನಂತರ ಒಂದಿಷ್ಟು ಓದು, ಆಮೇಲೆ ನಿದ್ದೆ. ಇಶಾ ನಂತರ ಸುಮ್ಮನೆ ಹರಟುವುದನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ಆ ಕಾಲದಲ್ಲಿ ಹರಟೆಗೆ ಇನ್ನೊಬ್ಬ ಮನುಷ್ಯನಾದರೂ ಬೇಕಿತ್ತು. ಈಗ ಹೊದಿಕೆಯೊಳಗೆ ಒಬ್ಬನೇ ಮಲಗಿ ರಾತ್ರಿ ಎರಡರವರೆಗೆ ರೀಲ್ಸ್ ನೋಡಬಹುದು. ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುತ್ತೀರಿ. ಓದುವ ಕೋಣೆಯ ಬಾಗಿಲಲ್ಲಿ ಫೋನ್ ಬಿಟ್ಟು ಬನ್ನಿ. ಜೇಬಿನಲ್ಲಿ ಸೈಲೆಂಟ್ ಮಾಡಿ ಇಟ್ಟುಕೊಳ್ಳುವುದು ಸಾಲದು, ಬೇರೆ ಕೋಣೆಯಲ್ಲಿ ಇರಬೇಕು.

ದಾರಿಯ ಸಮಯವೂ ಸಮಯವೇ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದ ಮೇಲೆ ವಿಜಯನಗರದಿಂದ ಜ್ಞಾನಭಾರತಿಗೆ ಆರೇ ನಿಲ್ದಾಣ. ಹೋಗುವಾಗ ನಿನ್ನೆಯ ಪಾಠದ ಒಂದು ಹಾಳೆ, ಬರುವಾಗ ಇಂದಿನದು. ರಾಜಾಜಿನಗರ, ಬಸವೇಶ್ವರನಗರದಿಂದ ಬಸ್ಸಿನಲ್ಲಿ ಹೋಗುವವರಿಗೆ ನಿಂತು ಓದಲು ಆಗದಿದ್ದರೆ, ಓದಿದ್ದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳಿ. ವಾರಕ್ಕೆ ಆರು ದಿನ ಇಷ್ಟು ಮಾಡಿದರೆ ಪರೀಕ್ಷೆಯ ಮುಂದಿನ ರಾತ್ರಿ ನೀವು ಹಗುರವಾಗಿರುತ್ತೀರಿ.

ಸಂಜೆ ಕೆಲಸಕ್ಕೆ ಹೋಗುವ ಹುಡುಗರೂ ಇಲ್ಲಿದ್ದಾರೆ. ಡೆಲಿವರಿ, ಅಂಗಡಿ, ಶಾದಿಮಹಲ್‌ನಲ್ಲಿ ಬಡಿಸುವ ಕೆಲಸ. ಹಲಾಲ್ ದುಡಿಮೆಗೆ ನಾಚಿಕೆ ಬೇಡ. ಆದರೆ ಗಂಟೆ ಗೊತ್ತುಮಾಡಿಕೊಳ್ಳಿ. ಪರೀಕ್ಷೆಯ ತಿಂಗಳು ಕೆಲಸ ಕಡಿಮೆ ಮಾಡುವೆನೆಂದು ಮಾಲೀಕರಿಗೆ ಮೊದಲೇ ಹೇಳಿ. ಕಾಲೇಜಿನಲ್ಲಿ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸದಿರಬಹುದು. ಎಷ್ಟು ತರಗತಿ ತಪ್ಪಿತೆಂದು ನೀವೇ ಬರೆದಿಡಿ, ಕಾಲೇಜಿನ ಪಟ್ಟಿ ಬರುವವರೆಗೆ ಕಾಯಬೇಡಿ.

ಮದ್ರಸಾದಿಂದ ಕಾಲೇಜಿಗೆ ಒಂದು ಉಡುಗೊರೆ

ಲಕ್ನೋದ ಫಿರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನ್ 1748ರಲ್ಲಿ ತೀರಿಕೊಂಡರು. ಅವರ ಹೆಸರಿನ ದರ್ಸೆ ನಿಝಾಮಿ ಇಂದಿಗೂ ಭಾರತದ ಮದ್ರಸಾಗಳಲ್ಲಿ ನಡೆಯುತ್ತಿದೆ. ಆ ಪದ್ಧತಿಯಲ್ಲಿ ಓದುವ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಮೂರು ಕೆಲಸ ಹೇಳುತ್ತಾರೆ: ಮುತಾಲಅ, ಸಬಕ್, ತಕ್ರಾರ್.

ಮುತಾಲಅ ಎಂದರೆ ನಾಳೆಯ ಪಾಠವನ್ನು ಇಂದು ರಾತ್ರಿಯೇ ಒಮ್ಮೆ ನೋಡುವುದು. ಅರ್ಥವಾಗಬೇಕೆಂದಿಲ್ಲ. ಯಾವುದು ಅರ್ಥವಾಗಲಿಲ್ಲ ಎಂಬುದು ಗೊತ್ತಾದರೆ ಸಾಕು. ಕಾಲು ಗಂಟೆಯ ಕೆಲಸ. ಹೀಗೆ ನೋಡಿ ಹೋದವನು ತರಗತಿಯಲ್ಲಿ ಉತ್ತರ ಹುಡುಕುತ್ತಾ ಕೂರುತ್ತಾನೆ, ನೋಡದೆ ಹೋದವನು ಗಡಿಯಾರ ನೋಡುತ್ತಾ ಕೂರುತ್ತಾನೆ.

ಸಬಕ್ ಎಂದರೆ ಉಸ್ತಾದರ ಮುಂದೆ ಪಾಠ. ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ನಿಮ್ಮ ಕೈಯಿಂದ ಬರೆದುಕೊಳ್ಳಿ. ಬೋರ್ಡಿನ ಫೋಟೋ ತೆಗೆದು ಇಟ್ಟುಕೊಂಡವರು ಅದನ್ನು ಮತ್ತೆ ತೆರೆದು ನೋಡುವುದು ಅಪರೂಪ.

ತಕ್ರಾರ್ ಎಂದರೆ ನಮ್ಮ ಕನ್ನಡದ ತಕರಾರು ಅಲ್ಲ, ಪುನರಾವರ್ತನೆ. ಪಾಠವಾದ ದಿನವೇ ಮೂರು ನಾಲ್ಕು ಜನ ಕುಳಿತು, ಒಬ್ಬ ಪುಸ್ತಕ ಮುಚ್ಚಿ ಉಳಿದವರಿಗೆ ಅದೇ ಪಾಠ ಹೇಳಬೇಕು. ಉಳಿದವರು ತಪ್ಪು ತೋರಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ಓದುವಾಗ ಎಲ್ಲ ಗೊತ್ತಿದೆ ಎನ್ನಿಸುತ್ತದೆ. ಬಾಯಿ ತೆರೆದು ಹೇಳುವಾಗ ಎಲ್ಲಿ ತೂತು ಇದೆ ಎಂದು ತಿಳಿಯುತ್ತದೆ. ನಿಮ್ಮಲ್ಲಿ ಕಂಬೈನ್ಡ್ ಸ್ಟಡಿ ಎನ್ನುತ್ತೀರಿ. ಹೇಳುವವನು ಯಾರು, ಯಾವ ಪಾಠ, ಎಷ್ಟು ಹೊತ್ತು ಎಂಬುದು ಗೊತ್ತಿಲ್ಲದಿದ್ದರೆ ಅದು ಚಹಾ ಕುಡಿಯುವ ಕೂಟವಾಗುತ್ತದೆ.

ಇನ್ನೊಂದು ಪದ್ಧತಿ ಹಿಫ್ಝ್ ಮಾಡುವ ಮಕ್ಕಳದು. ನಮ್ಮ ಮಕ್ತಬ್‌ನ ಹತ್ತು ವರ್ಷದ ಹುಡುಗನನ್ನು ಕೇಳಿ, ಹೇಳುತ್ತಾನೆ. ಅವನಿಗೆ ದಿನಕ್ಕೆ ಮೂರು ಪಾಠ. ಇಂದಿನ ಹೊಸ ಸಬಕ್ ಒಂದು. ಈಚಿನ ದಿನಗಳಲ್ಲಿ ಕಲಿತ ಸಬಕ್ ಪಾರಾ ಎರಡು. ಹಿಂದೆ ಮುಗಿಸಿದ ಆಮೋಖ್ತಾ ಮೂರು. ಮೂರನೆಯದನ್ನು ಒಂದು ತಿಂಗಳು ಬಿಟ್ಟರೆ ಹಾಫಿಝ್ ಆದವನೂ ತರಾವೀಹ್‌ನಲ್ಲಿ ತಡವರಿಸುತ್ತಾನೆ. ಕಾಲೇಜಿನ ಹುಡುಗರು ಹೊಸ ಸಬಕ್ ಮಾತ್ರ ತೆಗೆದುಕೊಳ್ಳುತ್ತಾ ಹೋಗುತ್ತಾರೆ, ಆಮೋಖ್ತಾ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಐದು ಯೂನಿಟ್ ತೆರೆಯುತ್ತಾರೆ. ಶಅಬಾನ್ 29ರಂದು ಮುಸ್‌ಹಫ್ ತೆರೆದು ಮರುದಿನ ತರಾವೀಹ್‌ಗೆ ನಿಲ್ಲುತ್ತೇನೆ ಎಂದವನನ್ನು ನೀವು ಮುಂದೆ ಬಿಡುತ್ತೀರಾ? ಹಾಗಾದರೆ ದಿನಕ್ಕೆ ಮುಕ್ಕಾಲು ಗಂಟೆ ಇಂದಿನ ಪಾಠ, ಇಪ್ಪತ್ತು ನಿಮಿಷ ಈ ವಾರದ ಪಾಠ, ಭಾನುವಾರ ಬೆಳಿಗ್ಗೆ ಸೆಮಿಸ್ಟರಿನ ಆರಂಭದಿಂದ ಒಂದೊಂದು ಯೂನಿಟ್. ಜೊತೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ಅಲ್ಲಾಹನಿಗೆ ಇಷ್ಟವಾದ ಕರ್ಮ ಸ್ವಲ್ಪವೇ ಆದರೂ ನಿರಂತರವಾದದ್ದು ಎಂಬ ಹದೀಸ್ ಓದಿಗೂ ಅನ್ವಯಿಸುತ್ತದೆ.

ಭಾಷೆಯ ಭಯದ ಬಗ್ಗೆ ಒಂದು ಮಾತು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಈ ಮೂರರ ನಡುವೆ ನಮ್ಮ ಮಕ್ಕಳು ಬಾಯಿ ಮುಚ್ಚಿ ಕೂರುತ್ತಾರೆ. ಹಝ್ರತ್ ಝೈದ್ ಬಿನ್ ಸಾಬಿತ್(ರ) ಹದಿಹರೆಯದವರಾಗಿದ್ದಾಗ, ಪತ್ರವ್ಯವಹಾರಕ್ಕಾಗಿ ಯಹೂದಿಯರ ಲಿಪಿ ಕಲಿಯಲು ಪ್ರವಾದಿ(ಸ)ರು ಹೇಳಿದರು. ಹದಿನೈದು ದಿನಗಳ ಆಸುಪಾಸಿನಲ್ಲಿ ಅವರು ಕಲಿತರು. ನಮ್ಮ ನಿತ್ಯೋತ್ಸವದ ಕವಿ ಕೆ.ಎಸ್. ನಿಸಾರ್ ಅಹಮದ್ 1959ರಲ್ಲಿ ಪಡೆದ ಸ್ನಾತಕೋತ್ತರ ಪದವಿ ಭೂವಿಜ್ಞಾನದ್ದು. ಕಲ್ಲು ಖನಿಜದ ಪಾಠವನ್ನು ಇಂಗ್ಲಿಷಿನಲ್ಲಿ ಓದಿದವರು ಕನ್ನಡ ನಾಡೆಲ್ಲ ಹಾಡುವ ಪದ್ಯ ಬರೆದರು. ಆದ್ದರಿಂದ ಭಾಷೆಗಳನ್ನು ಹೊರೆ ಎಂದುಕೊಳ್ಳಬೇಡಿ. ಪಾಠವನ್ನು ಮೊದಲು ನಿಮಗೆ ತಿಳಿಯುವ ಭಾಷೆಯಲ್ಲಿ ಅರ್ಥ ಮಾಡಿಕೊಳ್ಳಿ. ಕನ್ನಡದಲ್ಲೋ ಉರ್ದುವಿನಲ್ಲೋ ಅಂಚಿನಲ್ಲಿ ಬರೆದುಕೊಳ್ಳಿ. ಆಮೇಲೆ ದಿನಕ್ಕೆ ಒಂದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಯಾರಿಗಾದರೂ ತೋರಿಸಿ.

ಎಂ.ಎ., ಎಂ.ಎಸ್ಸಿ., ಸಂಶೋಧನೆ ಮಾಡುವವರಿಗೆ

1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ನಮ್ಮ ಪಕ್ಕದಲ್ಲೇ ಇದೆ. ಅಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಹದೀಸ್ ವಿದ್ವಾಂಸರಿಂದ ಎರಡು ಪಾಠಗಳಿವೆ.

ಒಂದು ಇಸ್ನಾದ್. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬುದನ್ನು ಹೇಳದೆ ಮುಹದ್ದಿಸರು ಮಾತನ್ನು ಸ್ವೀಕರಿಸುತ್ತಿರಲಿಲ್ಲ. ನೀವು ಒಂದು ಸಾಲು ಬರೆದುಕೊಂಡರೂ ಯಾವ ಪುಸ್ತಕ, ಯಾವ ಪುಟ, ಯಾವ ದಿನ ನೋಡಿದ್ದು ಎಂದು ಅದೇ ಹಾಳೆಯಲ್ಲಿ ಆಗಲೇ ಬರೆಯಿರಿ. ಆಮೇಲೆ ಹುಡುಕಲು ತಿಂಗಳುಗಳು ಹೋಗುತ್ತವೆ. ಇನ್ನೊಬ್ಬರ ಬರಹವನ್ನು ತನ್ನದೆಂದು ತೋರಿಸುವುದು ಖಿಯಾನತ್. ಅದು ಇಂದು ಮಾರ್ಗದರ್ಶಕರ ಕಣ್ಣಿಗೆ ಬೀಳದಿದ್ದರೂ ಅಲ್ಲಾಹನ ಕಣ್ಣಿಗೆ ಬಿದ್ದಿದೆ.

ಎರಡು ಸಹನೆ. ಇಮಾಮ್ ಬುಖಾರಿ(ರಹ್)ಯವರು ತಮ್ಮ ಸಹೀಹ್ ಸಿದ್ಧಪಡಿಸಲು 16 ವರ್ಷ ತೆಗೆದುಕೊಂಡರು. ನಿಮಗೆ ಅಷ್ಟು ಸಮಯವಿಲ್ಲ, ಆದರೆ ದಿನಕ್ಕೆ ಅರ್ಧ ಪುಟ ಬರೆಯುವ ಸಮಯವಿದೆ. ಎಲ್ಲ ಓದಿ ಮುಗಿಸಿ ಆಮೇಲೆ ಬರೆಯುತ್ತೇನೆ ಎಂದವರು ಬರೆಯುವುದೇ ಇಲ್ಲ. ಬರೆದದ್ದರ ಪ್ರತಿಯನ್ನು ಎರಡು ಕಡೆ ಇಡಿ.

ಯುವಕರಾಗಿದ್ದಾಗ ಇಮಾಮ್ ಗಝಾಲಿ(ರಹ್)ಯವರು ಓದು ಮುಗಿಸಿ ಊರಿಗೆ ಮರಳುತ್ತಿದ್ದಾಗ ದರೋಡೆಕೋರರು ಅವರ ಟಿಪ್ಪಣಿಗಳ ಚೀಲವನ್ನೂ ಕಿತ್ತುಕೊಂಡರು. ಅದೊಂದನ್ನು ಕೊಡಿ, ನನ್ನ ಇಲ್ಮ್ ಅದರಲ್ಲಿದೆ ಎಂದು ಬೇಡಿಕೊಂಡಾಗ ದರೋಡೆಕೋರರ ನಾಯಕ ನಕ್ಕ. ನಾವು ಚೀಲ ತೆಗೆದುಕೊಂಡರೆ ಹೋಗಿಬಿಡುವ ಇಲ್ಮ್ ಎಂಥ ಇಲ್ಮ್ ಎಂಬುದು ಅವನ ಪ್ರಶ್ನೆ. ಚೀಲ ವಾಪಸು ಸಿಕ್ಕಿತು. ಆದರೆ ಗಝಾಲಿಯವರು ಮುಂದಿನ ಮೂರು ವರ್ಷ ಆ ಟಿಪ್ಪಣಿಗಳನ್ನೆಲ್ಲ ಮನನ ಮಾಡಿಕೊಂಡರು. ಫೋನಿನಲ್ಲಿ ಇನ್ನೂರು ಪಿಡಿಎಫ್ ಇದೆ ಎನ್ನುವವರು ಆ ದರೋಡೆಕೋರನ ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳಬೇಕು.

ಹಿಂದೆ ಬಿದ್ದವರು ಮಸ್ಬೂಕ್, ಅಷ್ಟೆ

ಒಂದೆರಡು ಪೇಪರ್ ಉಳಿಸಿಕೊಂಡ ಹುಡುಗರು ಮಸೀದಿಗೂ ಮುಖ ತೋರಿಸುವುದಿಲ್ಲ. ಅವರಿಗೆ ಫಿಕ್ಹ್‌ನ ಒಂದು ಮಸ್ಅಲಾ ಹೇಳುತ್ತೇವೆ. ಜಮಾಅತ್ ಶುರುವಾದ ಮೇಲೆ ಬಂದವನನ್ನು ಮಸ್ಬೂಕ್ ಎನ್ನುತ್ತೇವೆ. ಅವನು ಬಾಗಿಲಲ್ಲಿ ನಿಂತು ತಡವಾಯಿತೆಂದು ಅಳುವುದಿಲ್ಲ, ಮನೆಗೆ ವಾಪಸು ಹೋಗುವುದೂ ಇಲ್ಲ. ಎಲ್ಲಿದೆಯೋ ಅಲ್ಲಿ ಜಮಾಅತ್ ಸೇರುತ್ತಾನೆ. ಇಮಾಮ್ ಸಲಾಮ್ ಹೇಳಿ, ಉಳಿದವರು ಎದ್ದು ಹೋಗುತ್ತಿರುವಾಗ ಅವನೊಬ್ಬನೇ ನಿಂತು ತಪ್ಪಿದ ರಕಅತ್‌ಗಳನ್ನು ಪೂರೈಸುತ್ತಾನೆ. ಅವನ ನಮಾಝೂ ನಮಾಝೇ. ಬ್ಯಾಕ್‌ಲಾಗ್ ಎಂದರೆ ಇಷ್ಟೇ. ಮುಂದಿನ ಸೆಮಿಸ್ಟರಿನ ಪಾಠ ಬಿಡಬೇಡಿ, ಹಳೆಯದಕ್ಕೆ ಪ್ರತ್ಯೇಕ ಗಂಟೆ ಇಡಿ, ಮರುಪರೀಕ್ಷೆಗೆ ಶುಲ್ಕ ಕಟ್ಟುವ ದಿನವನ್ನು ಇಂದೇ ಬರೆದುಕೊಳ್ಳಿ. ಸಫ್ ಬಿಟ್ಟು ಹೋಗಬೇಡಿ.

ತಂದೆ ತಾಯಿಯರಿಗೆ

ಮನೆ ಚಿಕ್ಕದಿರಬಹುದು. ಒಂದು ಮೂಲೆ, ಒಂದು ಮೇಜು, ಒಂದು ದೀಪ ಓದುವವರಿಗೆ ಬಿಟ್ಟುಕೊಡಿ. ಆ ಹೊತ್ತಿಗೆ ಟಿವಿಯ ಸದ್ದು ಇಳಿಸಿ. ಪರೀಕ್ಷೆಯ ವಾರ ಮಧ್ಯರಾತ್ರಿಯವರೆಗೆ ನಡೆಯುವ ವಲೀಮಾ ಊಟಕ್ಕೆ ಮಕ್ಕಳನ್ನು ಎಳೆದುಕೊಂಡು ಹೋಗಬೇಡಿ, ಕರೆದವರು ಅರ್ಥ ಮಾಡಿಕೊಳ್ಳುತ್ತಾರೆ. ಫಲಿತಾಂಶದ ದಿನ ಮಾತ್ರ ಕೇಳುವ ಬದಲು ವಾರಕ್ಕೊಮ್ಮೆ, ಏನು ಓದಿದೆ ಬೇಟಾ, ನನಗೂ ಹೇಳು ಎಂದು ಕೇಳಿ. ನಿಮಗೆ ತಿಳಿಯದಿದ್ದರೂ ಪರವಾಗಿಲ್ಲ. ಹೇಳುವುದರಿಂದ ಅವನಿಗೆ ತಕ್ರಾರ್ ಆಗುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಮಗ ಓದುವಾಗ ಶ್‌ ಸುಮ್ಮನಿರಿ ಎನ್ನುತ್ತೇವೆ. ಮಗಳು ಪುಸ್ತಕ ತೆರೆದಾಗ ಸ್ವಲ್ಪ ಚಪಾತಿ ಲಟ್ಟಿಸಿ ಬಾ ಎನ್ನುತ್ತೇವೆ. ಅವಳಿಗೂ ಅದೇ ಸೆಮಿಸ್ಟರ್, ಅದೇ ಪ್ರಶ್ನೆಪತ್ರಿಕೆ. ಮಗ್‌ರಿಬ್‌ನಿಂದ ಇಶಾವರೆಗಿನ ಗಂಟೆ ಅವಳದು ಎಂದು ಮನೆಯಲ್ಲಿ ತೀರ್ಮಾನ ಮಾಡಿ. ಆ ಹೊತ್ತಿನಲ್ಲಿ ಅತಿಥಿ ಬಂದರೆ ಚಹಾ ಮಾಡಲು ತಮ್ಮ ಎದ್ದು ಹೋಗಲಿ. ಪ್ರವಾದಿ(ಸ)ರು ತಮ್ಮ ಮನೆಯ ಕೆಲಸದಲ್ಲಿ ಕೈಜೋಡಿಸುತ್ತಿದ್ದರು. ಇದು ಗಂಡುಮಕ್ಕಳಿಗೆ ಸುನ್ನತ್ ಕಲಿಸುವ ಅವಕಾಶವೂ ಹೌದು.

ವಿಜಯನಗರ, ಅತ್ತಿಗುಪ್ಪೆಯ ಸುತ್ತ ನೋಡಿ. ಕೆಎಎಸ್, ಐಎಎಸ್ ಪರೀಕ್ಷೆಗೆ ಓದಲೆಂದು ಉತ್ತರ ಕರ್ನಾಟಕದ ದೂರದ ಜಿಲ್ಲೆಗಳಿಂದ ರೈತರ ಮಕ್ಕಳು ಬಂದು, ಸಣ್ಣ ಕೋಣೆಯಲ್ಲಿ ಮೂರು ಜನ ಇದ್ದುಕೊಂಡು, ಓದುವ ಕೊಠಡಿಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೂರುತ್ತಾರೆ. ಅವರು ಬಿಟ್ಟುಬಂದ ಮನೆ ರೈಲಿನಲ್ಲಿ ಒಂದು ರಾತ್ರಿಯ ದೂರ. ನಮಗೆ ಹಂಪಿನಗರದ ಗ್ರಂಥಾಲಯ ನಡೆದುಹೋಗುವ ದೂರ. ಅಲ್ಲಾಹನು ಕೊಟ್ಟ ಈ ಸೌಲಭ್ಯಕ್ಕೆ ಶುಕ್ರ್ ಎಂದರೆ ಅದನ್ನು ಬಳಸುವುದು.

ಮಸೀದಿ ಏನು ಮಾಡುತ್ತದೆ

ಬರೀ ಮಾತಾಡಿ ಎದ್ದುಹೋದರೆ ಆಗದು. ಕಮಿಟಿಯವರೊಂದಿಗೆ ಮಶ್ವರಾ ಮಾಡಿ ಮೂರು ವಿಷಯ ನಿಶ್ಚಯಿಸಿದ್ದೇವೆ. ನಮಾಝಿನ ವೇಳೆಯ ಫಲಕದ ಪಕ್ಕದಲ್ಲೇ ಇನ್ನೊಂದು ಹಾಳೆ ಇರುತ್ತದೆ. ಆ ತಿಂಗಳ ವಿದ್ಯಾರ್ಥಿವೇತನ, ಪ್ರವೇಶ, ಪರೀಕ್ಷಾ ಶುಲ್ಕದ ಕೊನೆಯ ದಿನಗಳು ಅದರಲ್ಲಿರುತ್ತವೆ. ನಮಗೆ ತಿಳಿಯದ ತಾರೀಖು ನಿಮಗೆ ತಿಳಿದಿದ್ದರೆ ತಂದು ಬರೆಯಿರಿ. ಎರಡನೆಯದಾಗಿ, ಪ್ರತಿ ಭಾನುವಾರ ಅಸ್ರ್‌ನಿಂದ ಮಗ್‌ರಿಬ್‌ವರೆಗೆ ಮಕ್ತಬ್ ಕೋಣೆಯಲ್ಲಿ ನಾವು ಮತ್ತು ಪದವಿ ಮುಗಿಸಿದ ನಮ್ಮದೇ ಹುಡುಗರು ಇಬ್ಬರು ಕೂರುತ್ತೇವೆ. ಫೈಲು ತನ್ನಿ, ಹೆಸರು ತಾಳೆ ನೋಡೋಣ, ಅರ್ಜಿ ತುಂಬೋಣ. ತಾಯಂದಿರು, ಹೆಣ್ಣುಮಕ್ಕಳು ಶನಿವಾರ ಮಕ್ತಬ್‌ನ ಆಲಿಮಾ ಅವರ ಬಳಿ ಬರಬಹುದು. ಮೂರನೆಯದಾಗಿ, ಮೇಲಿನ ಮಹಡಿ ಫಜ್ರ್‌ನಿಂದ ಎಂಟು ಗಂಟೆಯವರೆಗೆ ಮತ್ತು ಮಗ್‌ರಿಬ್‌ನಿಂದ ರಾತ್ರಿ ಹತ್ತರವರೆಗೆ ಓದುವವರಿಗೆ ತೆರೆದಿರುತ್ತದೆ. ಷರತ್ತು ಒಂದೇ, ಫೋನ್ ಕೆಳಗಿನ ಪೆಟ್ಟಿಗೆಯಲ್ಲಿ.

ಕೊನೆಯದಾಗಿ, ಪ್ಲಾಸ್ಟಿಕ್ ಕವರಿನ ಆ ಹಿರಿಯರ ಮಗನಿಗೆ ಒಂದು ಮಾತು. ಅವನು ಕಾಲೇಜು ಬಿಟ್ಟು ಒಂದು ಮೊಬೈಲ್ ಅಂಗಡಿಯಲ್ಲಿ ನಿಂತಿದ್ದಾನೆ. ಹಲವು ಜುಮಾಗಳಿಂದ ನಮ್ಮ ಕಣ್ಣಿಗೆ ಬಿದ್ದಿಲ್ಲ. ಇಂದು ಚಪ್ಪಲಿ ಬಿಡುವ ಕಡೆ ಎಲ್ಲೋ ಕುಳಿತಿರಬಹುದು, ಅಥವಾ ಯಾರೋ ಅವನಿಗೆ ಈ ಮಾತು ಮುಟ್ಟಿಸಬಹುದು. ಬೇಟಾ, ಅಂಕಪಟ್ಟಿ ಇಟ್ಟುಕೊಂಡು ಭಾನುವಾರ ಬಾ. ಹೆಸರು ಸರಿಮಾಡುವ ಕೆಲಸ ಮೊದಲು ಮಾಡೋಣ. ಕಾಲೇಜಿಗೆ ನಾವೇ ನಿನ್ನ ಜೊತೆ ಬರುತ್ತೇವೆ. ಜಮಾಅತ್ ಇನ್ನೂ ಮುಗಿದಿಲ್ಲ.

ಓ ಅಲ್ಲಾಹ್, ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಇಲ್ಮ್ ಕೊಡು. ಅವರ ಸಮಯದಲ್ಲಿ ಬರ್ಕತ್ ಕೊಡು. ಅವರಿಗಾಗಿ ಬೆವರು ಸುರಿಸುವ ತಂದೆ ತಾಯಿಯರ ಕಣ್ಣು ತಂಪಾಗಿಸು. ತಡವಾಗಿ ಬಂದವರನ್ನೂ ಸಫ್‌ನಲ್ಲಿ ಸೇರಿಸಿಕೊಳ್ಳುವ ಮನಸ್ಸನ್ನು ನಮಗೆ ಕೊಡು. ಆಮೀನ್.